ಹೆರಿಗೆ ಕೋಣೆಗೂ ಲೇಥಿಗೂ ನಡುವೆ

ನೋಡಲು ಅದೊಂದು ಪ್ಲಾಸ್ಟಿಕ್ ಹಾಳೆ. ಕೂಸು ಹೊರಬಂದ ಕೂಡಲೇ ಅದನ್ನು ಬಾಣಂತಿಯ ಸೊಂಟದಡಿ ಸರಿಸಿ ಹಾಸುತ್ತಾರೆ. ಹಾಳೆಯ ಒಂದು ತುದಿ ಮಂಚದಂಚಿನಿಂದ ಇಳಿಬಿದ್ದು, ಇಳಿಯುತ್ತ ಕಿರಿದಾಗಿ, ಆಲಿಕೆಯಂಥ ಚೀಲವಾಗುತ್ತದೆ. ಚೀಲದ ಮೈಮೇಲೆ ಮಿಲಿಲೀಟರಿನ ಗೆರೆಗಳು. ಹರಿದ ರಕ್ತವೆಲ್ಲ ಅದರೊಳಗೆ ಇಳಿದು ನಿಲ್ಲುತ್ತದೆ. ನರ್ಸು ಬಗ್ಗಿ ಗೆರೆ ಓದಿದರೆ ಸಾಕು, 500 ದಾಟಿತೋ ಇಲ್ಲವೋ ಗೊತ್ತಾಗುತ್ತದೆ. ದಾಟಿತೆಂದರೆ ಕಾಯುವಂತಿಲ್ಲ.

ಈ ಹಾಳೆ ಬರುವ ಮುನ್ನ ರಕ್ತ ಎಷ್ಟು ಹೋಯಿತು ಎಂಬುದು ಬರಿಯ ಕಣ್ಣಂದಾಜು. ಬಟ್ಟೆ ಎಷ್ಟು ತೊಯ್ದಿದೆ, ನೆಲಕ್ಕೆ ಎಷ್ಟು ಚೆಲ್ಲಿದೆ ಎಂದು ನೋಡಿ ಹೇಳಬೇಕಿತ್ತು. ಹಾಳೆಯ ಅಳತೆಯ ಜತೆ ಹೋಲಿಸಿ ನೋಡಿದಾಗ ಕಣ್ಣಂದಾಜು ಶೇ 33ರಷ್ಟು ಕಡಿಮೆ ಹೇಳುತ್ತಿದ್ದುದು ಲೆಕ್ಕಕ್ಕೆ ಸಿಕ್ಕಿತು. ರಕ್ತ ಹರಿಯುತ್ತಿರುವಾಗ ಮೂರರಲ್ಲೊಂದು ಪಾಲು ತಪ್ಪಿಹೋಗುವುದೆಂದರೆ ಏನೆಂದು ಹೆರಿಗೆ ಮಾಡಿಸಿದವರಿಗೆ ಗೊತ್ತು.

ಈ ಅಳತೆಯ ಹಾಳೆ ಹುಟ್ಟಿದ್ದು ಬೆಳಗಾವಿಯಲ್ಲಿ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜತೆಗೂಡಿ 2000ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ರೂಪಿಸಿದರು. ಕೆಲಸ ಮಾಡಿದ ಏಳು ಮಂದಿಯ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಬೆಳಗಾವಿ ಸುತ್ತಲ ಹಳ್ಳಿಗಳಲ್ಲಿ ನಡೆಯುತ್ತಿದ್ದ ಇನ್ನೊಂದು ದೊಡ್ಡ ಅಧ್ಯಯನಕ್ಕೆ ಈ ಅಳತೆ ಬೇಕಾಗಿತ್ತು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳ ಕೈಯಿಂದ ಕೊಡಿಸಿದರೆ ಹೆರಿಗೆ ನಂತರದ ರಕ್ತಸ್ರಾವ ತಗ್ಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. 1,620 ಮಹಿಳೆಯರು ಅದರಲ್ಲಿ ಭಾಗವಹಿಸಿದರು. ಮಾತ್ರೆ ತೆಗೆದುಕೊಳ್ಳದವರಲ್ಲಿ ಶೇ 12ರಷ್ಟಿದ್ದ ರಕ್ತಸ್ರಾವ ತೆಗೆದುಕೊಂಡವರಲ್ಲಿ ಶೇ 6.4ಕ್ಕೆ ಇಳಿದಿತ್ತು. 2006ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆ ಬೇಗ ದಾರಿ ಕಂಡುಕೊಂಡಿತು. ಹಾಳೆ ತಡವಾಯಿತು. ಇದೇ ಬಗೆಯ ಅಳತೆಯ ಹಾಳೆಯನ್ನು ಮೊದಲ ಹೆಜ್ಜೆಯಾಗಿಟ್ಟುಕೊಂಡು, ರಕ್ತಸ್ರಾವ ಕಂಡ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಡುವ ಕ್ರಮವನ್ನು ಆಫ್ರಿಕಾದ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ತಗ್ಗಿದವು. ಆ ಫಲಿತಾಂಶ ಹೊರಬಂದದ್ದು 2023ರಲ್ಲಿ. ಬೆಳಗಾವಿಯ ಹೆರಿಗೆ ಕೋಣೆಯಲ್ಲಿ ಹುಟ್ಟಿದ ಸರಳ ಉಪಾಯಕ್ಕೆ ಜಗತ್ತು ಪೂರ್ತಿ ಕಿವಿಗೊಡಲು ಹೆಚ್ಚುಕಡಿಮೆ 20 ವರ್ಷ ಹಿಡಿಯಿತು.

ಆರೋಗ್ಯ ಕ್ಷೇತ್ರದ ಸ್ಟಾರ್ಟಪ್ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡ, ಲ್ಯಾಪ್‌ಟಾಪ್, ಒಂದು ಆ್ಯಪ್ ಎಂಬ ಚಿತ್ರ ನಮ್ಮಲ್ಲಿ ನಿಂತುಬಿಟ್ಟಿದೆ. ಆಸ್ಪತ್ರೆಗೆ ನಿಜಕ್ಕೂ ಬೇಕಾದ ವಸ್ತು ಹುಟ್ಟುವುದು ಆಸ್ಪತ್ರೆಯಲ್ಲೇ, ಅಲ್ಲಿ ದಿನವಿಡೀ ನಿಂತವರ ಕಣ್ಣೆದುರು. ಅದನ್ನು ಹೊರಗೆ ತಂದು, ತಯಾರಿಸಿ, ಪರೀಕ್ಷಿಸಿ, ಮತ್ತೆ ಆಸ್ಪತ್ರೆಯ ಒಳಗೆ ಕಳಿಸುವ ದಾರಿ ಎಷ್ಟು ಉದ್ದವಿದೆ ಎಂಬುದರ ಮೇಲೆ ಎಷ್ಟೋ ಜೀವಗಳು ನಿಂತಿವೆ. ಆ ದಾರಿಯನ್ನು ಗಿಡ್ಡ ಮಾಡಲು ಒಂದು ಪ್ರಾದೇಶಿಕ ಬೆಂಬಲ ಜಾಲ ಕಟ್ಟಬೇಕೆಂಬ ಮಾತು ಹತ್ತು ವರ್ಷಗಳಿಂದ ಕೇಳಿಬರುತ್ತಿದೆ. ಅದು ಕಟ್ಟಬಲ್ಲ ಕೆಲಸ, ಅದರಲ್ಲೂ ಹುಬ್ಬಳ್ಳಿ–ಧಾರವಾಡ–ಬೆಳಗಾವಿಯ ನೂರು ಕಿಲೋಮೀಟರಿನಲ್ಲಿ ಕಟ್ಟಬಲ್ಲ ಕೆಲಸ ಎಂಬುದು ನನ್ನ ನಂಬಿಕೆ. ಆದರೆ ನಾವು ಕಟ್ಟುತ್ತಿರುವ ಕಡೆ ತುಸು ತಪ್ಪಿದೆ.

ಹುಬ್ಬಳ್ಳಿಯಿಂದ ಹೊರಟು ನೋಡಿ. ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಬಳಿ, ದೇಶಪಾಂಡೆ ಸ್ಟಾರ್ಟಪ್ಸ್‌ನ ದೊಡ್ಡ ಕಟ್ಟಡವಿದೆ. ಹುಬ್ಬಳ್ಳಿಯಲ್ಲೇ ಹುಟ್ಟಿ, ಅಮೆರಿಕದಲ್ಲಿ ಸಿಕಾಮೋರ್ ನೆಟ್‌ವರ್ಕ್ಸ್ ಕಂಪನಿ ಕಟ್ಟಿದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಬೆಳೆಸಿದ, ಹೊಸ ಕಂಪನಿಗಳ ಪೋಷಕ ಕೇಂದ್ರ ಅದು. ಅದೇ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಮತ್ತು ತಾರಿಹಾಳದಲ್ಲಿ ವಾಲ್ವ್, ಬಿಡಿಭಾಗ ಮಾಡುವ ಕಾರ್ಖಾನೆಗಳು. ವಿದ್ಯಾನಗರಕ್ಕೆ ಬಂದರೆ 1947ರಲ್ಲಿ ಆರಂಭವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ನಿಂತಿದೆ. ಅದರ ಹತ್ತಿರದಲ್ಲೇ 1957ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಇಂದಿಗೂ ‘ಕಿಮ್ಸ್’. ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಬಂದ ರೋಗಿಗಳ ಮನೆಯವರು ಅದರ ಅಂಗಳದಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಚಿಗರಿ ಬಸ್ ಹತ್ತಿದರೆ ಧಾರವಾಡ. ಅಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು, 2015ರಲ್ಲಿ ಬಂದ ಐಐಐಟಿ, 2016ರಲ್ಲಿ ಬಂದ ಐಐಟಿ. ಅಲ್ಲಿಂದ ಹೆದ್ದಾರಿ ಹಿಡಿದರೆ ಒಂದೂವರೆ ತಾಸಿಗೆ ಬೆಳಗಾವಿ. ಉದ್ಯಮಬಾಗದ ಫೌಂಡ್ರಿಗಳು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಕಡೆಯುವ ಘಟಕಗಳು, ಕೆಎಲ್ಇ ಆಸ್ಪತ್ರೆ, ಮತ್ತೆ ಆ ಹಾಳೆ ಹುಟ್ಟಿದ ವೈದ್ಯಕೀಯ ಕಾಲೇಜು.

ರೋಗಿ, ವೈದ್ಯ, ಎಂಜಿನಿಯರು, ಲೇಥಿನ ಕಾರ್ಮಿಕ, ಸಾವಿರಾರು ಜನರ ಮೇಲೆ ಅಚ್ಚುಕಟ್ಟಾಗಿ ಅಧ್ಯಯನ ನಡೆಸಿ ಗೊತ್ತಿರುವ ಸಂಶೋಧಕರು, ಪೋಷಕ ಕೇಂದ್ರ ಎಲ್ಲವೂ ಒಂದೇ ರಸ್ತೆಯ ಮೇಲಿವೆ. ಬೆಳಿಗ್ಗೆ ಹೊರಟವನು ಸಂಜೆಯೊಳಗೆ ಎಲ್ಲರನ್ನೂ ಕಂಡು ಮನೆಗೆ ಬರಬಹುದು. ಆದರೂ ಈ ಮಂದಿ ಒಬ್ಬರಿಗೊಬ್ಬರು ಗೊತ್ತಿಲ್ಲ. ಇಲ್ಲಿ ಕೊರತೆ ಇರುವುದು ಅದೊಂದೇ. ಮತ್ತು ಅದು ಸಣ್ಣ ಕೊರತೆಯಲ್ಲ.

ಕೆಲವು ತಿಂಗಳ ಹಿಂದೆ ಸಂಬಂಧಿಕರ ಹೆರಿಗೆಗೆಂದು ಇದೇ ಸೀಮೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎರಡು ದಿನ ಕಳೆದೆ. ನವಜಾತ ಶಿಶುಗಳ ಕೋಣೆಯ ಮೂಲೆಯಲ್ಲಿ ಹೂವಿನ ಹೊದಿಕೆ ಹೊದ್ದ ಒಂದು ವಸ್ತು ನಿಂತಿತ್ತು. ಮೇಲೆ ರಿಜಿಸ್ಟರುಗಳು, ಒಂದು ಹತ್ತಿಯ ಡಬ್ಬಿ. ಹೊದಿಕೆ ಸರಿಸಿದರೆ ಅದು ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್. ಏನಾಗಿದೆ ಎಂದು ಸಿಸ್ಟರನ್ನು ಕೇಳಿದೆ.

‘ಏನ ಹೇಳ್ಲಿ ಸರ, ಒಂದೂವರಿ ವರ್ಷ ಆತ್ರೀ ಇದು ಹಿಂಗ ನಿಂತು. ಕಾಯೋದು ಛಲೋನ ಕಾಯತೈತಿ. ಈ ಬಾಜೂಕಿನ ಗಾಜು ನಿಲ್ಲಂಗಿಲ್ಲ, ಪಿನ್ ಮುರದೈತಿ. ಕೂಸು ಹೊರಳಿ ಬಿದ್ದರ ಯಾರು ಜವಾಬ್ದಾರಿ?’

ಮೇಜಿನ ಖಾನೆ ಎಳೆದು, ಗಾಜ್ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಮುರಿದ ಪಿನ್ ತೋರಿಸಿದರು. ಕಿರುಬೆರಳಿನ ಅರ್ಧದಷ್ಟು ಉದ್ದ. ಮೂರು ಸಲ ಬರೆದು ಹಾಕಿದ್ದಾರೆ, ಬಿಡಿಭಾಗ ಬರಬೇಕು ಎಂಬ ಉತ್ತರ ಬಂದಿದೆ, ಬಿಡಿಭಾಗ ಬಂದಿಲ್ಲ. ಅವರು ಅದನ್ನು ಎಸೆದಿರಲಿಲ್ಲ ಎಂಬುದು ನನ್ನನ್ನು ತುಂಬ ಹೊತ್ತು ಕಾಡಿತು. ಯಾರಾದರೂ ಒಂದು ದಿನ ಕೇಳಿಯಾರೆಂದು ಜೋಪಾನ ಮಾಡಿದ್ದರು. ‘ಒಯ್ಯಿರಿ, ಯಾರರೆ ಮಾಡಿ ಕೊಟ್ಟರ ಕೊಡಲಿ’ ಎಂದು ನನ್ನ ಕೈಗಿಟ್ಟರು.

ಅಲ್ಲಿಂದ ಒಂದು ತಾಸಿನ ದಾರಿಯಲ್ಲಿ ವಿಮಾನದ ಭಾಗ ಕಡೆಯುವ ಯಂತ್ರಗಳಿವೆ. ಇನ್ನೊಂದು ದಿಕ್ಕಿಗೆ ಒಂದು ತಾಸು ಹೋದರೆ ‘ಏನು ಮಾಡೋಣ ಸರ್, ಒಳ್ಳೇ ಪ್ರಾಬ್ಲಂ ಬೇಕು’ ಎಂದು ಪ್ರಾಜೆಕ್ಟಿಗೆ ವಿಷಯ ಹುಡುಕುವ ಎಂಜಿನಿಯರಿಂಗ್ ಹುಡುಗರಿದ್ದಾರೆ. ಪಿನ್ ಮಾತ್ರ ಅಷ್ಟೂ ದಿನ ಖಾನೆಯೊಳಗಿತ್ತು.

ಜಾಲ ಕಟ್ಟುವುದೆಂದರೆ ನಮ್ಮಲ್ಲಿ ಮೊದಲು ಕಟ್ಟಡ, ಆಮೇಲೆ ಅನುದಾನ, ಆಮೇಲೆ ವರ್ಷಕ್ಕೊಂದು ಸಮ್ಮೇಳನ. ಅನುದಾನವೇ ಇಲ್ಲವೆಂದು ದೂರುವಂತಿಲ್ಲ. ಕೇಂದ್ರ ಸರ್ಕಾರದ ಬೈರ್ಯಾಕ್ ಸಂಸ್ಥೆ 2012ರಿಂದ ಜೈವಿಕ ತಂತ್ರಜ್ಞಾನದ ಹೊಸ ಕಲ್ಪನೆಗಳಿಗೆ 18 ತಿಂಗಳ ಕೆಲಸಕ್ಕೆ 50 ಲಕ್ಷ ರೂಪಾಯಿವರೆಗೆ ಕೊಡುತ್ತ ಬಂದಿದೆ. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಬೀಜ ನಿಧಿಯ ಹಣ ಪೋಷಕ ಕೇಂದ್ರಗಳ ಮೂಲಕವೇ ಹಂಚಿಕೆಯಾಗುತ್ತ ಬಂದಿದೆ, ಮಾದರಿ ತಯಾರಿಕೆಗೆ 20 ಲಕ್ಷದವರೆಗೆ. ಸ್ಟಾರ್ಟಪ್ ನೀತಿಯನ್ನು 2015ರಲ್ಲೇ ತಂದ ರಾಜ್ಯ ನಮ್ಮದು. ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ನೆರವು ಸಿಗುತ್ತದೆ. 2025–30ರ ಹೊಸ ನೀತಿ 25,000 ಸ್ಟಾರ್ಟಪ್‌ಗಳ ಗುರಿ ಇಟ್ಟುಕೊಂಡಿದೆ, ಅದರಲ್ಲಿ 10,000 ಬೆಂಗಳೂರಿನಾಚೆ ಹುಟ್ಟಬೇಕು. ಗುರಿ ಒಳ್ಳೆಯದೇ. ಆದರೆ ಆಹಾರ ತಲುಪಿಸುವ ಆ್ಯಪ್‌ಗೂ ಹಸುಗೂಸಿನ ವಾರ್ಮರಿಗೂ ಒಂದೇ ಅಳತೆಗೋಲು ಹಿಡಿದರೆ ಆರೋಗ್ಯದ ಸ್ಟಾರ್ಟಪ್ ಮೊದಲ ವರ್ಷವೇ ಹಿಂದೆ ಬೀಳುತ್ತದೆ.

ಏಕೆಂದು ಒಂದಿಷ್ಟು ವಿವರಿಸಬೇಕು. ಆ್ಯಪ್ ಮಾಡಿದವನು ಅರ್ಧಂಬರ್ಧ ಇರುವಾಗಲೇ ಜನರ ಮುಂದಿಟ್ಟು, ಬಂದ ದೂರು ಕೇಳಿ ತಿದ್ದಿಕೊಳ್ಳಬಹುದು. ವೈದ್ಯಕೀಯ ಸಾಧನದಲ್ಲಿ ಹಾಗೆ ಮಾಡುವಂತಿಲ್ಲ, ಮಾಡಲೂಬಾರದು. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ಹತ್ತಿ, ಬ್ಯಾಂಡೇಜು ಎ. ಬಿಪಿ ನೋಡುವ ಯಂತ್ರ ಬಿ. ಹೃದಯದ ಕವಾಟ ಡಿ. ಮೊದಲೆರಡು ವರ್ಗದ ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯದ ಪ್ರಾಧಿಕಾರ, ಉಳಿದೆರಡಕ್ಕೆ ಕೇಂದ್ರದ್ದು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ, ಕಾಯಿಲೆ ಪತ್ತೆಗೆ ಬಳಸುವ ಸಾಫ್ಟ್‌ವೇರನ್ನೂ ಸೇರಿಸಿ, ಕಾನೂನಿನ ವ್ಯಾಪ್ತಿಗೆ ತರಲಾಯಿತು. 2022ರ ಅಕ್ಟೋಬರ್‌ನಿಂದ ಎ ಮತ್ತು ಬಿ ವರ್ಗಕ್ಕೆ, ಮರುವರ್ಷದ ಅಕ್ಟೋಬರ್‌ನಿಂದ ಸಿ ಮತ್ತು ಡಿ ವರ್ಗಕ್ಕೆ ಪರವಾನಗಿ ಕಡ್ಡಾಯ. ಪರವಾನಗಿಗೆ ಮೊದಲು ವಿದ್ಯುತ್ ಸುರಕ್ಷತೆಯ ಪರೀಕ್ಷೆ, ಮೈಗೆ ತಾಗುವ ವಸ್ತುವಾದರೆ ಅದು ಮೈಗೆ ಒಗ್ಗುತ್ತದೆಯೇ ಎಂಬ ಪರೀಕ್ಷೆ, ತಯಾರಿಸುವ ಜಾಗದ ಗುಣಮಟ್ಟದ ದಾಖಲೆ. ರೋಗಿಗಳ ಮೇಲೆ ಪ್ರಯೋಗ ಬೇಕಾದರೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ. ಈ ನಿಯಮಗಳು ಹೊರೆಯೆಂದು ನಾನು ಹೇಳುವುದಿಲ್ಲ. ಇವು ರೋಗಿಯ ರಕ್ಷಣೆಗೆ ಇರುವಂಥವು, ಇನ್ನೂ ಮುಂಚೆಯೇ ಬರಬೇಕಿತ್ತು. ಆದರೆ 24 ವರ್ಷದ ಎಂಜಿನಿಯರೊಬ್ಬಳಿಗೆ ತನ್ನ ಸಾಧನ ಬಿ ವರ್ಗಕ್ಕೆ ಸೇರುತ್ತದೋ ಸಿ ವರ್ಗಕ್ಕೋ ಎಂದು ಹೇಳುವವರು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ, ಮೊದಲ ಅನುದಾನದ ಬಹುಪಾಲು ಅದನ್ನು ತಿಳಿಯುವುದರಲ್ಲೇ ಕರಗುತ್ತದೆ.

ಪರೀಕ್ಷಾ ಪ್ರಯೋಗಾಲಯವನ್ನು ಊರೂರಿಗೆ ಕಟ್ಟಬೇಕಾಗಿಲ್ಲ. ವಿಶಾಖಪಟ್ಟಣದ ಬಳಿ 270 ಎಕರೆಯಲ್ಲಿ ಆಂಧ್ರ ಸರ್ಕಾರ ಕಟ್ಟಿದ ಮೆಡ್‌ಟೆಕ್ ವಲಯದಲ್ಲಿ ಹಲವು ಕಂಪನಿಗಳು ಹಂಚಿಕೊಂಡು ಬಳಸುವ ಪ್ರಯೋಗಾಲಯಗಳಿವೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿದೆ. ಬೆಂಗಳೂರಿನಲ್ಲೂ ಇವೆ. ಸಾಧನವನ್ನು ಅಲ್ಲಿಗೆ ಕಳಿಸಿದರಾಯಿತು. ಯಾವ ಪರೀಕ್ಷೆಗೆ ಯಾವ ಬಾಗಿಲು ಬಡಿಯಬೇಕು, ಯಾವುದು ಮೊದಲು, ಯಾವ ಕಾಗದ ಜತೆಗಿರಬೇಕು ಎಂದು ಬಲ್ಲ ಒಬ್ಬಿಬ್ಬರು ಹುಬ್ಬಳ್ಳಿಯಲ್ಲಿ ಸಂಬಳ ತೆಗೆದುಕೊಂಡು ಕೂತಿರಬೇಕು, ಅಷ್ಟೇ. ಒಂದು ಅಂತಸ್ತು ಕಟ್ಟುವ ಹಣದಲ್ಲಿ ಅಂಥವರನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದು.

ಶ್ರೀಚಿತ್ರಾದ ಹೆಸರು ಬಂದದ್ದರಿಂದ ಅದರ ಬಳಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ದೇಶದಲ್ಲಿ ಆಸ್ಪತ್ರೆ ಮತ್ತು ಕಾರ್ಯಾಗಾರವನ್ನು ಒಂದೇ ಮನೆಯಾಗಿ ನಡೆಸಿ ತೋರಿಸಿದವರು ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್. ಹೊರದೇಶದ ಕೃತಕ ಹೃದಯ ಕವಾಟ ನಮ್ಮ ಬಡ ರೋಗಿಗಳ ಕೈಗೆಟಕುತ್ತಿರಲಿಲ್ಲ. ಅದನ್ನು ಇಲ್ಲೇ ಮಾಡಬೇಕೆಂದು 1970ರ ದಶಕದ ಕೊನೆಯಲ್ಲಿ ಹೊರಟರು. ತಿರುವನಂತಪುರದ ಆಸ್ಪತ್ರೆಯ ಜತೆಗೆ, ಊರಿನ ಇನ್ನೊಂದು ಬದಿಯ ಪೂಜಪ್ಪುರದ ಹಳೆಯ ಅರಮನೆಯಲ್ಲಿ, ಜೀವವೈದ್ಯಕೀಯ ತಂತ್ರಜ್ಞಾನದ ವಿಭಾಗ ತೆರೆದರು. ಮೊದಲ ಮಾದರಿ ಸೋತಿತು. ಎರಡನೆಯದು, ಮೂರನೆಯದೂ ಸೋತವು. ಪ್ರತಿಸಲವೂ ಲೋಹ, ಬಿಲ್ಲೆ, ವಿನ್ಯಾಸ ಎಲ್ಲವನ್ನೂ ಬದಲಿಸಿ ಮತ್ತೆ ಕೂತರು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯ ಹೃದಯದಲ್ಲಿ ಕೂಡಿಸಿದರು. ಟಿಟಿಕೆ ಕಂಪನಿ ತಯಾರಿಸುವ ಆ ಚಿತ್ರಾ ಕವಾಟ ಇಂದಿಗೆ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯೊಳಗೆ ಸೇರಿದೆ. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಕರ್ನಾಟಕಕ್ಕೆ ಬಂದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಮೂರು ಸಲ ಸೋಲಲು ಅವಕಾಶವಿತ್ತು ಎಂಬುದು ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುತ್ತದೆ. ಹದಿನೆಂಟು ತಿಂಗಳ ಅನುದಾನದಲ್ಲಿ ಒಂದು ಸಲ ಸೋಲುವುದಕ್ಕೂ ಪುರಸೊತ್ತಿಲ್ಲ. ಇನ್ನೊಂದು, ಅಲ್ಲಿ ಶಸ್ತ್ರಚಿಕಿತ್ಸಕರು ಎಂಜಿನಿಯರರ ಜತೆ ಕೂರುವುದು ಉಪಕಾರವಾಗಿರಲಿಲ್ಲ, ಕೆಲಸವಾಗಿತ್ತು.

ನಮ್ಮಲ್ಲಿ ಅದು ಉಪಕಾರ. ದೊಡ್ಡ ಆಸ್ಪತ್ರೆಯೊಂದರ ಓಪಿಡಿ ಮುಂದಿನ ಬೆಂಚಿನಲ್ಲಿ, ರೋಗಿಗಳ ನಡುವೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಇಬ್ಬರು ಹುಡುಗರನ್ನು ನೋಡಿದ್ದೇನೆ. ಬ್ಯಾಗಿನಲ್ಲಿ ಅವರು ಮಾಡಿದ ಸಾಧನ. ‘ಎರಡಕ್ಕೆ ಬನ್ನಿ’ ಎಂದಿದ್ದ ವೈದ್ಯರು ಎರಡಕ್ಕೆ ತುರ್ತು ಶಸ್ತ್ರಚಿಕಿತ್ಸೆಗೆ ಹೋದರು. ನಾಲ್ಕಕ್ಕೆ ಬಂದಾಗ ಅವರ ಮುಖದಲ್ಲಿ ನೀರಿನ ಪಸೆಯಿರಲಿಲ್ಲ. ಆದರೂ ಹತ್ತು ನಿಮಿಷ ಸಾಧನ ತಿರುಗಿಸಿ ನೋಡಿ, ಒಂದು ಮಾತು ಹೇಳಿದರು: ‘ಇದನ್ನು ಎರಡೂ ಕೈಯಿಂದ ಹಿಡಿಯಬೇಕಲ್ಲ. ನನ್ನ ನರ್ಸಿನ ಒಂದು ಕೈ ಆಗಲೇ ರೋಗಿಯ ಮೇಲಿರುತ್ತದೆ.’ ಹುಡುಗರು ಎಂಟು ತಿಂಗಳು ಕೆಲಸ ಮಾಡಿದ್ದ ವಿನ್ಯಾಸ ಆ ಒಂದು ಮಾತಿಗೆ ಬಿದ್ದಿತು. ಅದೇ ಮಾತು ಮೊದಲ ವಾರ ಸಿಕ್ಕಿದ್ದರೆ ಎಂದು ನೆನೆದು ಸಂಕಟವಾಯಿತು. ವೈದ್ಯರನ್ನು ದೂರಿ ಫಲವಿಲ್ಲ. ಅವರ ಕರ್ತವ್ಯದ ಪಟ್ಟಿಯಲ್ಲಿ ಈ ಹುಡುಗರಿಗೆ ಒಂದು ನಿಮಿಷವೂ ಇಲ್ಲ. ಬಡ್ತಿಗೂ ಇದು ಲೆಕ್ಕಕ್ಕಿಲ್ಲ. ವಾರದಲ್ಲಿ ಅರ್ಧ ದಿನ, ಇಂಥ ವಿಭಾಗದ ಇಂಥ ವೈದ್ಯರು ಮತ್ತು ಒಬ್ಬ ಹಿರಿಯ ನರ್ಸು ಹೊಸ ಸಾಧನಗಳನ್ನು ನೋಡುತ್ತಾರೆ ಎಂದು ಡ್ಯೂಟಿ ಪಟ್ಟಿಯಲ್ಲೇ ಬರೆದು, ಅದನ್ನು ಸೇವೆಯ ಲೆಕ್ಕಕ್ಕೆ ಹಿಡಿದರೆ, ಈ ಸೀಮೆಯ ಜಾಲದ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಖರ್ಚು ಏನೂ ಇಲ್ಲ. ಒಂದು ಆದೇಶ ಬೇಕು.

ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನವೊಂದು ನಡೆದಿದೆ. ಮುಂಬೈ ಐಐಟಿಯಲ್ಲಿ ಪ್ರೊ. ಬಿ. ರವಿ ಅವರ ಮುಂದಾಳತ್ವದಲ್ಲಿ 2014ರ ಸುಮಾರಿಗೆ ‘ಬೆಟಿಕ್’ ಎಂಬ ಕೇಂದ್ರ ಶುರುವಾಯಿತು. ನಾಗಪುರದ ವಿಎನ್‌ಐಟಿ, ಪುಣೆಯ ಸಿಒಇಪಿಗಳಲ್ಲಿ ಅದರ ಘಟಕಗಳು ತೆರೆದವು, ರಾಜ್ಯ ಸರ್ಕಾರದ ವಿಜ್ಞಾನ ಆಯೋಗ ಬೆಂಬಲ ಕೊಟ್ಟಿತು. ಅಲ್ಲಿ ಎಂಜಿನಿಯರ್ ಮೊದಲು ಆಸ್ಪತ್ರೆಯಲ್ಲಿ ಕೂತು ನೋಡಬೇಕು, ವೈದ್ಯರ ತೊಂದರೆಯನ್ನು ಬರೆದುಕೊಳ್ಳಬೇಕು, ಆಮೇಲೆ ಕೈ ಹಚ್ಚಬೇಕು. ಎದೆಯ ಸದ್ದನ್ನು ಸ್ಪಷ್ಟವಾಗಿ ಕೇಳಿಸುವ ಡಿಜಿಟಲ್ ಸ್ಟೆತಾಸ್ಕೋಪಿನಂಥ ಸಾಧನಗಳು ಆ ಕ್ರಮದಿಂದ ಹೊರಬಂದವು. ಪ್ರೊ. ರವಿ 2023ರಿಂದ ಸುರತ್ಕಲ್ಲಿನ ಎನ್‌ಐಟಿಕೆ ನಿರ್ದೇಶಕರು. ಆ ಅನುಭವ ಈಗ ನಮ್ಮ ಕರಾವಳಿಯಲ್ಲೇ ಇದೆ. ಘಟ್ಟ ಹತ್ತಿ ಬಂದು ಅದು ಹುಬ್ಬಳ್ಳಿಗೆ ತಲುಪಲು ಯಾರ ಅಪ್ಪಣೆಯೂ ಬೇಕಿಲ್ಲ.

ಗುರುರಾಜ ದೇಶಪಾಂಡೆಯವರೇ ಅಮೆರಿಕದ ಎಂಐಟಿಯಲ್ಲಿ 2002ರಲ್ಲಿ ಹುಟ್ಟುಹಾಕಿದ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಅನುದಾನ ಪಡೆದ ಸಂಶೋಧಕರ ಬೆನ್ನಿಗೆ, ಉದ್ಯಮದ ಅನುಭವವಿರುವ ಒಬ್ಬರು ಸ್ವಯಂಸೇವಕರಾಗಿ ನಿಲ್ಲುತ್ತಾರೆ. ಅವರ ಕೆಲಸ ಯಾರನ್ನು ಕಾಣಬೇಕು, ಯಾರಿಗೆ ಇದು ಬೇಕಾದೀತು ಎಂದು ದಾರಿ ತೋರಿಸುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಓಡಾಡುವ ಮನುಷ್ಯ. ಮದುವೆಮನೆಯಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಯಜಮಾನರಲ್ಲ, ಅಡುಗೆಯವರಲ್ಲ. ಆದರೆ ಅವರಿಲ್ಲದಿದ್ದರೆ ಊಟದ ಪಂಕ್ತಿ ಏಳುವುದಿಲ್ಲ. ಆರೋಗ್ಯದ ಜಾಲಕ್ಕೆ ನಮ್ಮಲ್ಲಿ ಬೇಕಿರುವುದು ಅವರೇ. ತಾಲ್ಲೂಕು ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆ ಹೋಗಿ, ಖಾನೆಗಳಲ್ಲಿ ಏನಿದೆ ಎಂದು ಸಿಸ್ಟರುಗಳನ್ನು ಕೇಳಿ, ಬರೆದುಕೊಂಡು ಬರುವ ನಾಲ್ಕು ಜನ. ಅವರಲ್ಲಿ ಒಬ್ಬರಾದರೂ ನಿವೃತ್ತ ನರ್ಸ್ ಆಗಿರಲಿ ಎಂಬುದು ನನ್ನ ಆಸೆ. ಹೊದಿಕೆ ಹೊದ್ದ ಯಂತ್ರ ಎಲ್ಲೆಲ್ಲಿ ನಿಂತಿದೆ ಎಂದು ಅವರಷ್ಟು ಬಲ್ಲವರಿಲ್ಲ.

ಭಾಷೆಯ ಮಾತನ್ನೂ ಇಲ್ಲೇ ಹೇಳಬೇಕು. ಫೋನಿನಲ್ಲಿ ರೋಗಲಕ್ಷಣ ಕೇಳಿ ದಾರಿ ಹೇಳುವ ಸಾಫ್ಟ್‌ವೇರುಗಳು ಬರುತ್ತಿವೆ. ಅವುಗಳ ಕನ್ನಡ ಪುಸ್ತಕದ ಕನ್ನಡ. ನವಲಗುಂದದ ಅಜ್ಜಿ ‘ವಾಕರಿಕೆ’ ಎನ್ನುವುದಿಲ್ಲ, ‘ಹೊಟ್ಟಿ ತೊಳಸತೈತಿ’ ಎನ್ನುತ್ತಾಳೆ. ‘ಎದಿ ಧಸಕ್ ಅಂತೈತಿ’, ‘ಜೀವ ಒಂಥರಾ ಆಗಲಿಕ್ಕತ್ತೈತಿ’ ಎನ್ನುತ್ತಾಳೆ. ಆ ‘ಒಂಥರಾ’ ಎಂಬುದರಲ್ಲಿ ಹೃದಯಾಘಾತವೂ ಇರಬಹುದು, ಊಟ ಬಿಟ್ಟ ಸುಸ್ತೂ ಇರಬಹುದು. ಕೇಳಿ ಪಳಗಿದ ಆಶಾ ಕಾರ್ಯಕರ್ತೆಗೆ ಎರಡರ ವ್ಯತ್ಯಾಸ ದನಿಯಲ್ಲೇ ಗೊತ್ತಾಗುತ್ತದೆ. ಈ ತಿಳಿವಳಿಕೆಯನ್ನು ಸಾಫ್ಟ್‌ವೇರಿನೊಳಗೆ ಇಳಿಸುವ ಕೆಲಸ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ಆಗುವಂಥದ್ದಲ್ಲ. ಧಾರವಾಡದಲ್ಲೇ ಆಗಬೇಕು, ಆಶಾ ಕಾರ್ಯಕರ್ತೆಯರಿಗೆ ಅದಕ್ಕೆ ಸಂಭಾವನೆ ಕೊಟ್ಟು.

ಎಲ್ಲ ಆಯಿತು, ಸಾಧನ ಸಿದ್ಧವಾಯಿತು, ಪರವಾನಗಿಯೂ ಬಂತು ಎನ್ನಿ. ಕೊಳ್ಳುವವರು ಯಾರು? ಎಷ್ಟೋ ಒಳ್ಳೆಯ ಕೆಲಸಗಳು ಬಂದು ನಿಲ್ಲುವುದು ಈ ಹೊಸ್ತಿಲಲ್ಲೇ. ಟೆಂಡರು ಹಿಂದಿನ ವರ್ಷಗಳ ವಹಿವಾಟು ಕೇಳುತ್ತದೆ, ಬೇರೆ ಆಸ್ಪತ್ರೆಗೆ ಸರಬರಾಜು ಮಾಡಿದ ಪತ್ರ ಕೇಳುತ್ತದೆ. ಮೊದಲ ಸಾಧನವನ್ನೇ ಮಾರದವನು ಅದನ್ನು ಎಲ್ಲಿಂದ ತರಬೇಕು? ಗುಣಮಟ್ಟದಲ್ಲಿ ರಿಯಾಯಿತಿ ಇಲ್ಲದೆ, ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತನ್ನು ಸ್ಟಾರ್ಟಪ್‌ಗಳಿಗೆ ಸಡಿಲಿಸಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆದರೆ ಖರೀದಿ ಸಮಿತಿಯಲ್ಲಿ ಕೂತವರಿಗೆ ಲೆಕ್ಕಪರಿಶೋಧನೆಯ ಭಯ. ಹೆಸರಿಲ್ಲದ ಕಂಪನಿಯ ಸಾಧನ ಕೊಂಡು ಅದು ಕೆಟ್ಟರೆ ಉತ್ತರ ಹೇಳಬೇಕಾದವರು ಅವರು. ಆ ಭಯ ನ್ಯಾಯವಾದದ್ದೇ. ಅದನ್ನು ಹಂಚಿಕೊಳ್ಳುವ ಏರ್ಪಾಡು ಬೇಕು. ಈ ನೂರು ಕಿಲೋಮೀಟರಿನ ದೊಡ್ಡ ಆಸ್ಪತ್ರೆಗಳು, ಸರ್ಕಾರಿಯೂ ಖಾಸಗಿಯೂ ಸೇರಿ, ಪರವಾನಗಿ ಪಡೆದ ಪ್ರತಿ ಹೊಸ ಸಾಧನವನ್ನೂ ಹತ್ತತ್ತು ಕೊಂಡು, ಆರು ತಿಂಗಳು ಬಳಸಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ ಎಂದು ಬರೆದುಕೊಡುವ ಒಪ್ಪಂದ ಮಾಡಿಕೊಂಡರೆ ಸಾಕು. ಕೊಳ್ಳುವ ಹಣವನ್ನು ಸ್ಟಾರ್ಟಪ್ ನೀತಿಯ ನಿಧಿಯಿಂದ ಕೊಡಬಹುದು. ಅನುದಾನವಾಗಿ ಕೊಡುವ 50 ಲಕ್ಷಕ್ಕಿಂತ ಖರೀದಿಯಾಗಿ ಕೊಡುವ 10 ಲಕ್ಷ ಒಂದು ಕಂಪನಿಯನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಏಕೆಂದರೆ ಅದರ ಜತೆ ಆ ಪತ್ರವೂ ಬರುತ್ತದೆ.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಈ ಸೀಮೆಯ ಎರಡು ಇಸವಿಗಳನ್ನು ನೆನಪಿಸುತ್ತೇನೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶಕ್ಕೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆಎಲ್ಇ ಸಂಸ್ಥೆ ಆರಂಭಿಸಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಒಬ್ಬರ ಕೈಯಲ್ಲಾಗದ್ದನ್ನು ಊರೂರು ತಿರುಗಿ, ಅವರಿವರನ್ನು ಕೂಡಿಸಿ, ಹಣ ಎತ್ತಿ ಮಾಡಿದವರು ಅವರು. ಕೆಎಲ್ಇ ಸಂಸ್ಥೆಯ ವೈದ್ಯಕೀಯ ಕಾಲೇಜೇ ಮುಂದೆ ಅಳತೆಯ ಹಾಳೆಯನ್ನು ಹುಟ್ಟಿಸಿತು.

ಪಿನ್ ನನ್ನ ಬಳಿಯೇ ಇತ್ತು. ಹುಬ್ಬಳ್ಳಿಗೆ ಹೋದಾಗ ಗೋಕುಲ ರಸ್ತೆಯ ಹಿಂಬದಿಯ ಒಂದು ಸಣ್ಣ ವರ್ಕ್‌ಶಾಪಿಗೆ ಒಯ್ದೆ. ಮೂರು ಲೇಥು, ಒಂದು ಮಿಲ್ಲಿಂಗ್ ಯಂತ್ರ, ಗೋಡೆಯಲ್ಲಿ ಸಿದ್ಧಾರೂಢರ ಪಟ. ಮಾಲೀಕರಿಗೆ ಅರವತ್ತರ ಮೇಲೆ ವಯಸ್ಸು. ಪಿನ್ನನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

‘ಇದಾ? ಅರ್ಧಾ ತಾಸಿನ ಕೆಲಸರೀ. ಯಾತರದ್ದು?’

ಹೇಳಿದೆ. ಅವರ ಕೈ ನಿಂತಿತು.

‘ಹಂಗಾದ್ರ ನಿಂದರ್ರಿ. ಇದು ಕೂಸಿನ ಬಾಜೂಕ ಇರೋದು. ಯಾವ ಸ್ಟೀಲ್ ಹಾಕಬೇಕು, ಕಾದ್ರ ಏನಾಗತೈತಿ, ನನಗೇನು ಗೊತ್ತೈತಿ? ಮಾಡಿ ಕೊಡತೀನಿ, ರೊಕ್ಕಾನೂ ಬ್ಯಾಡ. ಆದ್ರ ಇದು ಸರಿ ಐತಿ ಅಂತ ನೋಡಿ ಬರದು ಕೊಡೋರು ಯಾರು ಅದಾರ? ಅವರ ಹೆಸರು ಹೇಳ್ರಿ ಮೊದಲ.’

ನನ್ನ ಬಳಿ ಹೇಳಲು ಹೆಸರಿರಲಿಲ್ಲ. ಅವರು ವರ್ನಿಯರ್ ತೆಗೆದು ಪಿನ್ನಿನ ಉದ್ದ, ದಪ್ಪ, ತಲೆಯ ಅಗಲ ಅಳೆದರು. ಲೇಥಿನ ಪಕ್ಕದ ಗೋಡೆಗೆ ಮೂರೂ ಅಳತೆಯನ್ನು ಸೀಮೆಸುಣ್ಣದಲ್ಲಿ ಬರೆದು, ಕೆಳಗೆ ‘ಕೂಸಿನ ಮಷೀನ್’ ಎಂದು ಬರೆದು ಸುತ್ತ ಒಂದು ಗೆರೆ ಎಳೆದರು.

‘ಅಳಸಂಗಿಲ್ಲ ಇದನ್ನ. ಹೆಸರು ಸಿಕ್ಕಿಂದ ಬರ್ರಿ.’